ಬಂಗಡೆಯ ಥರ್ಮಾಮೀಟರು

ಕೆಲವರಿಗೆ ದೇವರ ಭಯ, ಕೆಲವರಿಗೆ ಮೇಲಧಿಕಾರಿಯ ಭಯ. ನನಗೆ ಎರಡೂ ಇಲ್ಲ. ನನ್ನ ಸ್ವಂತ ದೇಹದ ಮಾತನ್ನೂ ನಾನು ಕೇಳುವವಳಲ್ಲ. ಕಾಲು ಸಾಕೆಂದರೆ ಇನ್ನೊಂದು ಸುತ್ತು ನಡೆಯುತ್ತೇನೆ. ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಮೈ ನಡುಗಿದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಒಪ್ಪಿಕೊಳ್ಳದಿರುವುದು.

ಒಪ್ಪುವುದಾದರೂ ಹೇಗೆ? ಅಂಕೋಲೆಯ ಶಾಲೆಯಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಮೇಲೆ ಮೊದಲ ಸಲ ನನ್ನನ್ನು ಕಾರವಾರಕ್ಕೆ ಉಪನ್ಯಾಸಕ್ಕೆ ಕರೆದಿದ್ದರು, ಅದೇ ಮಧ್ಯಾಹ್ನ ಮೂರಕ್ಕೆ. ವಿಷಯ, ಜ್ವರ ಬರುವುದು ಹೇಗೆ. ಎರಡು ವಾರ ಓದಿದ್ದೆ. ರೋಗಾಣು ಒಳಹೊಕ್ಕರೆ ನಮ್ಮ ಬಿಳಿ ರಕ್ತಕಣಗಳು ಕೆಲವು ಪದಾರ್ಥಗಳನ್ನು ಬಿಡುತ್ತವೆ. ಪುಸ್ತಕದಲ್ಲಿ ಅವಕ್ಕೆ ಪೈರೋಜನ್ ಎಂದು ಹೆಸರು, ಅಂದರೆ ಜ್ವರಕಾರಕ. ಸತ್ತ ರೋಗಾಣುವಿನ ಕವಚದ ಚೂರೂ ಜ್ವರ ತರಿಸಬಲ್ಲದು. ಸತ್ತ ಮೇಲೂ ಹಟ ಬಿಡದ ಅದರ ಮೇಲೆ ನನಗೆ ಸ್ವಲ್ಪ ಗೌರವವೇ ಇದೆ. ಇವುಗಳ ಸುದ್ದಿ ಮುಟ್ಟಿದೊಡನೆ ಮಿದುಳು ಮೈಬಿಸಿಯ ಗುರಿಯನ್ನೇ ಮೇಲೇರಿಸುತ್ತದೆ. ಗುರಿ ನೂರಾ ಎರಡು, ಮೈ ಇನ್ನೂ ತೊಂಬತ್ತೆಂಟರಲ್ಲಿ. ಅದಕ್ಕೇ ಬಿಸಿಲಲ್ಲೂ ಚಳಿ, ನಡುಕ. ಹಸಿವೆ ಸಾಯುವುದೂ ಇವುಗಳದೇ ಕೈವಾಡ.

ನಮ್ಮ ಅತ್ತೆ ಹಾರವಾಡದ ಮೀನುಗಾರರ ಮನೆಯಲ್ಲಿ ಹುಟ್ಟಿ ಬೆಳೆದವರು. ಥರ್ಮಾಮೀಟರೆಂಬ ಗಾಜಿನ ಕಡ್ಡಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಹುರಿದ ಬಂಗಡೆ ಮೀನು ಬೇಡವೆಂದವರಿಗೆ ಜ್ವರ, ತಿಂದವರಿಗೆ ಇಲ್ಲ, ಅಷ್ಟೇ. ಜ್ವರವೆಂದು ತೀರ್ಪಾದರೆ ಗಂಜಿ, ಕಂಬಳಿ, ಹೊಸ್ತಿಲು ದಾಟುವಂತಿಲ್ಲ.

"ಮೋರೆ ಯಾಕೆ ಹೀಂಗಾಗದೆ? ಬಾ, ಉಣ್ಣು, ನೋಡ್ವಾ" ಎಂದು ಹನ್ನೆರಡಕ್ಕೇ ತಟ್ಟೆಗೆ ಎರಡು ಬಂಗಡೆ ಹಾಕಿದರು. ವಾಸನೆಯೇ ಬೇಡವಾಗಿತ್ತು. ಆದರೂ ತಿಂದೆ, ಬಾಲವನ್ನೂ ಬಿಡಲಿಲ್ಲ. ರಟ್ಟು ಅಗಿದ ಹಾಗಿತ್ತು. ಸುಮ್ಮನೆ ಕೈ ತೊಳೆದಿದ್ದರೆ ಆಗುತ್ತಿತ್ತು. "ಅತ್ತೆ, ಇವತ್ತು ಉಪ್ಪು ಖಾರ ಎಷ್ಟು ಹದವಾಗಿದೆ!" ಎಂದು ಹೊಗಳಿ, ಸೀರೆ ಬದಲಾಯಿಸಲು ಎದ್ದೆ.

"ಕೂತ್ಕೊ" ಎಂದರು ಅತ್ತೆ. "ನಾ ಇವತ್ತು ಮೀನಿಗೆ ಉಪ್ಪೇ ಹಾಕ್ಲಿಲ್ಲ. ದಿನಾ ಉಪ್ಪು ಹೆಚ್ಚಾಯ್ತು, ಕಡ್ಮೆಯಾಯ್ತು ಅಂತ ನನ್ನ ಉಪ್ಪಿಗೆ ಹೆಸರಿಡುವವಳು ನೀ."

ಸೋಲುವವಳಲ್ಲ ನಾನು. "ಒಬ್ಬಳ ಮೇಲೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ ಅತ್ತೆ. ಹೋಲಿಸಿ ನೋಡಲು ಆರೋಗ್ಯವಾಗಿರುವ ಇನ್ನೊಬ್ಬರು ಬೇಕು" ಎಂದೆ.

"ನಿನ್ನ ಗಂಡ ಆಗ್ಲೇ ಉಂಡ್ಕಂಡು ಹೋದ. ಮೊದಲ್ನೇ ತುತ್ತಿಗೇ ಉಪ್ಪಿನ ಡಬ್ಬಿ ಕೇಳ್ದ."

ಇಪ್ಪತ್ತು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡು ಹೇಳಿದ ಪಾಠವನ್ನು ನಾಲ್ಕನೇ ಇಯತ್ತೆ ಕಲಿತ ಅತ್ತೆ ಒಲೆಯ ಮುಂದೆ ಮಾಡಿ ತೋರಿಸಿದ್ದರು. ನನಗೆ ಅಳುವೇ ಬಂತು. ಆ ಉಪನ್ಯಾಸ ನನಗೆ ಬೇಕಿತ್ತು. ಕಂಬಳಿಯೊಳಗಿಂದ ಕಾರವಾರಕ್ಕೆ ಫೋನು ಮಾಡಿದೆ. ಜ್ವರದ ಪಾಠ ಮಾಡುವವಳಿಗೇ ಜ್ವರ ಎಂದು ಯಾವ ಬಾಯಲ್ಲಿ ಹೇಳಲಿ? "ಅತ್ತೆಗೆ ಜ್ವರ, ಬಿಟ್ಟು ಬರುವಂತಿಲ್ಲ" ಎಂದುಬಿಟ್ಟೆ.

ಪಕ್ಕದಲ್ಲೇ ನಿಂತಿದ್ದ ಅತ್ತೆ ಫೋನು ಕಸಿದುಕೊಂಡರು. "ಹೌದು, ಭಾರೀ ಜ್ವರ ನಂಗೆ. ಪಾಪ, ಸೊಸೆ ನನ್ನ ಬಿಟ್ಟು ಏಳೂದೇ ಇಲ್ಲ" ಎಂದರು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

ಅಂಥ ದನಿಯ ರೋಗಿಯನ್ನು ಕಾರವಾರದವರು ನಂಬಿದರೋ ಇಲ್ಲವೋ ತಿಳಿಯದು. ನಾನು ಮಾತ್ರ ಇವತ್ತಿಗೂ ಹೇಳುವುದು ಅದನ್ನೇ: ಆ ದಿನ ಜ್ವರ ಬಂದದ್ದು ಅತ್ತೆಗೆ.