‘ಹೊತ್’ ಎಂದರೆ ವಾಸನೆ

ಇಡೀ ಪುಸ್ತಕ ಓದಿದವನಿಗಿಂತ ಅರ್ಧ ಓದಿದವನಿಗೆ ಧೈರ್ಯ ಹೆಚ್ಚು. ನಾನು ಕಾಲು ಪುಸ್ತಕದವನು. ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ನೈರೋಬಿಗೆ ಬಂದು ಸೌತ್ ಸಿ ಬಡಾವಣೆಯಲ್ಲಿ ಮನೆ ಹಿಡಿದ ಮೇಲೆ, ಸುತ್ತ ಕನ್ನಡ ಬಲ್ಲವರು ಕಡಿಮೆಯಾದಷ್ಟೂ ನನ್ನ ಕನ್ನಡ ಪಾಂಡಿತ್ಯ ಹೆಚ್ಚುತ್ತಾ ಹೋಯಿತು.

ಅದನ್ನು ಇಳಿಸಿದವರು ಮೇಲಿನ ಮನೆಯ ಅನಾಹಿತ್. ಆರ್ಮೇನಿಯಾದವರು, ಕಾಲೇಜಿನಲ್ಲಿ ಭಾಷಾಶಾಸ್ತ್ರ ಹೇಳಿಕೊಡುವವರು. ತಮ್ಮ ನಾಡಿನ ಹಳ್ಳಿಮಾತುಗಳಲ್ಲಿ ವಾಸನೆ, ರುಚಿ, ಸ್ಪರ್ಶಗಳಿಗಿರುವ ಹಳೆಯ ಪದಗಳ ಮೂಲ ಹುಡುಕುವುದು ಅವರ ಹುಚ್ಚು. ಒಂದೇ ಪದಕ್ಕಾಗಿ ಬೆಟ್ಟ ಹತ್ತಿ, ಅಜ್ಜಿಯೊಬ್ಬರ ಮನೆಯಲ್ಲಿ ಮೂರು ದಿನ ಕೂತು, ಆಗಷ್ಟೇ ಕತ್ತರಿಸಿದ ಉಣ್ಣೆಯ ವಾಸನೆಗೂ ಮಳೆಯಲ್ಲಿ ನೆನೆದ ಉಣ್ಣೆಯ ವಾಸನೆಗೂ ಅಲ್ಲಿ ಬೇರೆ ಬೇರೆ ಹೆಸರಿದೆ ಎಂದು ತಿಳಿದುಕೊಂಡು ಬಂದವರು. ಅಂಥವರ ಮುಂದೆ ಸುಮ್ಮನೆ ಕೇಳುತ್ತ ಕೂರಬೇಕಿತ್ತು.

ಒಂದು ಶನಿವಾರ ಮಧ್ಯಾಹ್ನ ಅವರು ಚಹಾಕ್ಕೆ ಬಂದರು. ನಾನು ಒಳಗೆ, ಸೋಮವಾರದ ಪ್ರಮೋಷನ್ ಇಂಟರ್‌ವ್ಯೂಗೆಂದು ಹೊಸ ಶರ್ಟ್ ಇಸ್ತ್ರಿ ಮಾಡುತ್ತಿದ್ದೆ. ಆಗಲೇ ಕರೆಂಟ್ ಹೋಯಿತು. ಇಸ್ತ್ರಿಪೆಟ್ಟಿಗೆಯನ್ನು ಶರ್ಟಿನ ಮೇಲೇ ಬಿಟ್ಟು ಬಂದು ಕೂತೆ.

“ನಮ್ಮಲ್ಲಿ ವಾಸನೆಗೆ ‘ಹೊತ್’ ಅನ್ನುತ್ತೇವೆ,” ಎಂದರು ಅನಾಹಿತ್ ಇಂಗ್ಲಿಷಿನಲ್ಲಿ.

ನನಗೆ ಮೈಯೆಲ್ಲ ಪುಳಕ. ಅನ್ನ ತಳ ಹಿಡಿದರೆ ನಾವೂ ‘ಹೊತ್ತಿದ ವಾಸನೆ’ ಅನ್ನುತ್ತೇವೆ, ಹಾಗಾದರೆ ನಮ್ಮ ಭಾಷೆಗಳು ಒಂದೇ ತಾಯಿಯ ಮಕ್ಕಳು ಎಂದು ಸಾರಿಬಿಟ್ಟೆ.

“ಮುಖ ಹೋಲಿದ ಮಾತ್ರಕ್ಕೆ ನೆಂಟರಾಗುವುದಿಲ್ಲ. ನಮ್ಮ ಹೊತ್‌ನ ಬಳಗ ಲ್ಯಾಟಿನ್‌ನಲ್ಲಿದೆ. ನೀವು ಹೇಳಿದ್ದು ನೋಡಿದರೆ ನಿಮ್ಮದು ಬೆಂಕಿ ಹತ್ತಿಕೊಳ್ಳುವುದರಿಂದ ಬಂದದ್ದಲ್ಲವೇ?” ಎಂದರು ಮೆಲ್ಲಗೆ.

ನಾನು ಬಿಡಲಿಲ್ಲ. ಹಳೇ ಕಾಲದ ವರ್ತಕರ ಒಂಟೆಗಳ ಮೇಲೆ ಪದಗಳನ್ನು ಹೇರಿ ಮೈಸೂರಿನಿಂದ ಆರ್ಮೇನಿಯಾಕ್ಕೆ ಹೊರಡಿಸಿದೆ. ನಡುವೆ ಹೆಂಡತಿ ಸುಮಾ, “ರೀ, ಕಮರು ವಾಸನೆ ಬರ್ತಿದೆ,” ಅಂದಳು.

“ಅದೂ ಒಳ್ಳೇ ವರ್ಡೇ. ಆಮೇಲೆ ಅದಕ್ಕೇ ಬರ್ತೀನಿ, ಇರು.”

“ಅಡುಗೆಮನೇದಲ್ಲ ರೀ. ಬಟ್ಟೆ ಕಮರು.”

ಕನ್ನಡ ಬಾರದಿದ್ದರೂ ಅನಾಹಿತ್‌ಗೆ ಮೂಗಿತ್ತು. ನಾನು ಏಳುವಷ್ಟರಲ್ಲಿ ಅವರು ಒಳಗೋಡಿ ಪ್ಲಗ್ ಕಿತ್ತಿದ್ದರು. ಕರೆಂಟ್ ಯಾವಾಗಲೋ ಬಂದಿತ್ತು. ಶರ್ಟಿನ ಬೆನ್ನು ತೂತಾಗಿ, ಕೆಳಗಿನ ಹೊದಿಕೆಗೆ ಕಿಡಿ ಹತ್ತಿ, ಕಿಟಕಿಯ ಪರದೆಗೆ ಇನ್ನೊಂದು ಗೇಣು ಬಾಕಿಯಿತ್ತು. ಸುಮಾ ಒಂದು ಬಕೆಟ್ ನೀರು ಸುರಿದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ.

ಹೊಗೆ ಇಳಿದ ಮೇಲೆ ಅನಾಹಿತ್ ಸುಮಾಳಿಂದ ‘ಕಮರು’ ಎಂಬ ಪದವನ್ನು ಮೂರು ಸಲ ಹೇಳಿಸಿಕೊಂಡರು. ಹಳೇ ಎಣ್ಣೆಯದು ಕಮಟು, ತಳ ಹಿಡಿದ ಹಾಲಿನದು ಸೀದ ವಾಸನೆ, ಬಟ್ಟೆ, ಕೂದಲು ಸುಟ್ಟರೆ ಕಮರು ಎಂದು ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾನು ಅವಳನ್ನು ಒಂದು ಪದದ ಅರ್ಥವನ್ನೂ ಕೇಳಿರಲಿಲ್ಲ. ಅನಾಹಿತ್ ಎಲ್ಲ ಬರೆದುಕೊಂಡು, ಮಾಹಿತಿ ಕೊಟ್ಟವರು ಎಂಬಲ್ಲಿ ಸುಮಾಳ ಹೆಸರು ಹಾಕಿದರು.

“ನನ್ನ ಹೆಸರು?” ಎಂದೆ.

“ನಿಮ್ಮದೂ ಇದೆ,” ಎಂದು ಪುಟ ತಿರುಗಿಸಿ ತೋರಿಸಿದರು. ಕಮರು ಪದದ ‘ಉದಾಹರಣೆ’ ಎಂಬುದರ ಕೆಳಗಿತ್ತು.