ಹತ್ತನೆಯವ ಪಿಂಕಸ್

ಹೋದ ಶನಿವಾರ ಪಿಂಕಸ್ ಕೆಮ್ಮು ಹಿಡಿದು ಮಲಗಿದ್ದ, ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಎಲ್ಲ ರಾದ್ಧಾಂತಕ್ಕೂ ಅದೇ ಮೂಲ.

ಒಂದು ಕಾಲಕ್ಕೆ ಇಂಗ್ಲೆಂಡಿನ ಕಡಲೂರು ಮಾರ್ಗೇಟ್‌ನಲ್ಲಿ ಅವನದೇ ದರ್ಬಾರು. ಹತ್ತು ಗಂಡಸರು ಸೇರದೆ ಪ್ರಾರ್ಥನೆ ಪೂರ್ತಿಯಾಗದು. ಊರಿನಲ್ಲಿದ್ದ ಯಹೂದಿ ಗಂಡಸರು ಒಂಬತ್ತು ಮಂದಿ ಮತ್ತು ಪಿಂಕಸ್. ಸೋಮವಾರದ ಬೆಳಗಿನ ಪ್ರಾರ್ಥನೆ ಬಂತೆಂದರೆ ಮನೆ ಬಾಗಿಲಿಗೆ ಕಾರು, ಕೈಗೆ ಬಿಸಿ ಚಹಾ, ಜೇನಿನ ಕೇಕು! ಈಗ ಲಂಡನ್ನಿನಿಂದ ಮಕ್ಕಳುಮರಿ ಕಟ್ಟಿಕೊಂಡು ಸಂಸಾರಗಳು ಬಂದಿದ್ದವು. ಹಬ್ಬದ ದಿನ ಜನ ಕೋಟು ನೇತುಹಾಕುವ ಕೋಣೆಯಲ್ಲೂ ನಿಲ್ಲುತ್ತಿದ್ದರು. ಹಿಂದಿನ ಗೋಡೆ ಒಡೆದು ಮಂದಿರ ದೊಡ್ಡದು ಮಾಡಲು ಭಾನುವಾರ ಸಭೆ ಕರೆದಿದ್ದರು.

"ಒಬ್ಬ ಒಪ್ಪದಿದ್ರೂ ಕೆಲಸ ನಿಲ್ಲುತ್ತಂತೆ. ನಾನು ಒಪ್ಪಲ್ಲ," ಎಂದ ಪಿಂಕಸ್, ಟೈ ಬಿಗಿಯುತ್ತಾ.

"ನಿಮ್ಮನ್ನ ಯಾರೂ ಕರೀತಿಲ್ಲ ಅಂತ ಹೊಟ್ಟೆಯುರಿ ಕಣ್ರೀ. ಸುಮ್ನೆ ಕೂತು ಬನ್ನಿ," ಎಂದಳು ಹೆಂಡತಿ ಬೆರಿಲ್. ನಿಜವಾಗಿದ್ದರಿಂದ ಆ ಮಾತು ಚುಚ್ಚಿತು.

ಸಭೆಯಲ್ಲಿ ಆಡಳಿತ ನೋಡುವ ಸ್ಲಟ್ಸ್ಕಿ ನಕ್ಷೆ ಹರಡಿದ.

"ಧೂಳು!" ಎಂದ ಪಿಂಕಸ್.

"ಪರದೆ ಹಾಕಿಸ್ತೀವಿ."

"ಗದ್ದಲ!"

"ಈಗೇನು ಕಮ್ಮಿ ಇದ್ಯಾ?" ಎಂದರು ಯಾರೋ. ಎಲ್ಲರೂ ಗೊಳ್ಳೆಂದರು.

ಪಿಂಕಸ್‌ನ ಕಿವಿ ಕೆಂಪಾಯಿತು. "ನಸುಕಿಗೇ ಲಂಡನ್ ರೈಲು ಹಿಡಿಯೋರ ಗತಿ ಏನ್ರೀ? ಅವರಿಗೆ ಬೇರೆ ಕೋಣೆ, ಬೇರೆ ಪ್ರಾರ್ಥನೆ ಇಲ್ಲಾಂದ್ರೆ ನಾನು ಕೈ ಎತ್ತಲ್ಲ!" ಇನ್ನೊಂದು ಕೋಣೆಯೆಂದರೆ ಜಗಳ ಹತ್ತುತ್ತದೆ, ಯೋಜನೆ ಮಣ್ಣುಪಾಲಾಗುತ್ತದೆ ಎಂಬುದು ಅವನ ಲೆಕ್ಕ.

ಎಲ್ಲರೂ ಚಪ್ಪಾಳೆ ತಟ್ಟಿದರು!

"ಎಂಥಾ ತಲೆ ರೀ ನಿಮ್ದು!" ಸ್ಲಟ್ಸ್ಕಿ ತಬ್ಬಿಕೊಂಡ. ಪಕ್ಕದವರು ಪಿಂಕಸ್‌ನ ಕೈಯನ್ನು ತಾವೇ ಎತ್ತಿ ಒಪ್ಪಿಗೆ ಮುಗಿಸಿದರು. "ಗೋಡೆ ಏಳೋವರೆಗೆ ಕೋಟಿನ ಕೋಣೆನೇ ಸಾಕು. ನಾಳೆಯಿಂದ್ಲೇ ನಸುಕಿನ ಪ್ರಾರ್ಥನೆ ಶುರು. ರೈಲಿನೋರು ಕೈಯೆತ್ತಿ!" ಎಂದ ಸ್ಲಟ್ಸ್ಕಿ.

ಜನರನ್ನು ಅಂಕಿ ಹೇಳಿ ಎಣಿಸಿದರೆ ದೋಷವಲ್ಲವೇ, ಅದಕ್ಕೇ ನಮ್ಮವರ ಎಣಿಕೆಯ ರೀತಿಯೇ ಬೇರೆ. "ಒಂದಲ್ಲ, ಎರಡಲ್ಲ..." ಎನ್ನುತ್ತಾ ಹೋದ ಸ್ಲಟ್ಸ್ಕಿ "ಒಂಬತ್ತಲ್ಲ" ಎಂಬಲ್ಲಿ ನಿಂತ. ಎಲ್ಲರ ಮುಖವೂ ಪಿಂಕಸ್‌ನತ್ತ ತಿರುಗಿತು.

ಪಿಂಕಸ್ ಟೈ ಸರಿಮಾಡಿಕೊಂಡ. ಅಂತೂ ತಾನು ಮತ್ತೆ ಬೇಕಾದವನಾದ! "ಕಾರು ಎಷ್ಟೊತ್ತಿಗೆ ಕಳಿಸ್ತೀರಿ?"

"ಕಾರ್ಯಾಕೆ? ಬಾಗಿಲು ತೆಗೆಯೋರು ಮೊದಲೇ ಬರಬೇಕಲ್ವಾ." ಸ್ಲಟ್ಸ್ಕಿ ಬೀಗದ ಕೈ ಅವನ ಅಂಗೈಯಲ್ಲಿಟ್ಟ. "ಐದೂವರೆಗೆ. ಟೀಗೆ ನೀರೂ ನೀವೇ ಇಟ್ಬಿಡಿ."

"ಮತ್ತೆ... ಜೇನಿನ ಕೇಕು?"

"ಅಯ್ಯೋ, ಬೆರಿಲ್ ಅವರ ಕೈರುಚಿ ಮುಂದೆ ನಮ್ಮದೇನು! ಕೇಕನ್ನ ಎಣಿಸೋಕೆ ಯಾವ ದೋಷಾನೂ ಇಲ್ಲ ಪಿಂಕಸ್ ಅವರೇ, ಸರಿಯಾಗಿ ಹತ್ತು ತುಂಡು ತಂದ್ಬಿಡಿ."