ಬ್ರೇಕಿನ ದೋಷ, ಕಾಲಿನ ಅಪವಾದ

“ಬ್ರೇಕು ಚೆನ್ನಾಗಿಯೇ ಇತ್ತು, ಒತ್ತುವವರ ಕಾಲಿನಲ್ಲಿ ಕಸುವಿರಲಿಲ್ಲ.” ನನ್ನ ಮೋಟಾರ್ ಸೈಕಲ್ಲಿನ ವಿಷಯದಲ್ಲಿ ನಂಜನಗೂಡಿನಿಂದ ಟಿ. ನರಸೀಪುರದವರೆಗೆ ಎಲ್ಲರೂ ಒಪ್ಪಿಕೊಂಡಿರುವ ಚರಿತ್ರೆ ಇದು. ಎಲ್ಲರೂ ಒಪ್ಪಿದ್ದಾರೆ ಎಂಬ ಕಾರಣಕ್ಕೇ ನನಗೆ ಅದರಲ್ಲಿ ಅನುಮಾನ. ಶಾಲೆಯಲ್ಲಿ ಹೆಚ್ಚು ಕಾಲ ಕೂರದವನಿಗೆ ಇರುವ ಒಂದೇ ಅನುಕೂಲವೆಂದರೆ, ಹೇಳಿಕೊಟ್ಟದ್ದನ್ನು ನಂಬುವ ಅಭ್ಯಾಸ ಅವನಿಗೆ ಆಗಿರುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಗಾಡಿಯ ಹಿಂದಿನ ಬ್ರೇಕು ದುರ್ಬಲವಾಯಿತು. ಒತ್ತಿದರೆ ಗಾಡಿ ನಿಲ್ಲುತ್ತಿರಲಿಲ್ಲ. ನಿಲ್ಲುವ ವಿಚಾರವನ್ನು ಪರಿಶೀಲಿಸುತ್ತಿತ್ತು. ನಂಜನಗೂಡಿನ ಮೆಕಾನಿಕ್ ಸಿದ್ದರಾಜು ಹೊಸ ಬ್ರೇಕ್ ಶೂ ಹಾಕಿದ. ಆಮೇಲೆ ಸ್ಪ್ರಿಂಗು, ಅದಾದ ಮೇಲೆ ರಾಡು. ಒಂದೊಂದು ಹೊಸ ಸಾಮಾನು ಸೇರಿದಾಗಲೂ ಆರೋಪವು ಗಾಡಿಯಿಂದ ಕಳಚಿ ನನ್ನ ಕಾಲಿನ ಮೇಲೆ ಬೀಳುತ್ತ ಬಂತು. ಶೂ ಸವೆದು ಕೂರಬೇಕು, ಓಡಿಸುತ್ತಿರಿ ಎಂದು ಮೊದಮೊದಲು ಸಮಾಧಾನ ಹೇಳುತ್ತಿದ್ದ ಸಿದ್ದರಾಜು, ಕೊನೆಗೆ ಸ್ಪ್ಯಾನರ್ ಕೆಳಗಿಟ್ಟು, “ಗಾಡೀಲಿ ಬದಲಾಯ್ಸಕ್ಕೆ ಇನ್ನೇನೂ ಉಳ್ದಿಲ್ಲ ಸಾ,” ಎಂದು ನನ್ನ ಮೊಣಕಾಲಿನ ಕಡೆ ನೋಡಿದ.

ಈ ಗಳಿಗೆಗೇ ಕಾದಿದ್ದವನು ಹೆಮ್ಮಿಗೆಯಲ್ಲಿರುವ ನನ್ನ ಭಾವಮೈದ ಮಾದಪ್ಪ. ಗಾಡಿಯ ಮೇಲೆ ಅವನಿಗೆ ಬಹಳ ದಿನದ ಕಣ್ಣು. “ಕಾಲು ಒಂದಿನ ಎಲ್ರಿಗೂ ಸೋಲ್ತದೆ ಬಾವ. ಕೀ ನನ್ ಕೈಗ್ ಕೊಟ್ಬುಡಿ, ನೀವಿಬ್ರೂ ಬಸ್ಸಲ್ಲಿ ಓಡಾಡಿ,” ಎಂದ. ನನ್ನ ಹೆಂಡತಿ ಜಯಮ್ಮ ತಮ್ಮನ ಪಕ್ಷ ಸೇರಿದಳು. ಯುಗಾದಿಯೊಳಗೆ ಬ್ರೇಕು ಹಿಡಿಯದಿದ್ದರೆ ಗಾಡಿ ಹೆಮ್ಮಿಗೆಗೆ ಹೋಗತಕ್ಕದ್ದು ಎಂದು ತೀರ್ಪಾಯಿತು.

ನಾನೇ ಚಕ್ರ ಬಿಚ್ಚಿಕೊಂಡು ಜಗಲಿಯ ಮೇಲೆ ಕುಳಿತೆ. ಶೂಗಳ ಮೈಗೆಲ್ಲ ಸೀಮೆಸುಣ್ಣ ಬಳಿದೆ. ಚಕ್ರವನ್ನು ಗಾಡಿಗೆ ಜೋಡಿಸಿ, ಬ್ರೇಕನ್ನು ಅದುಮಿ ಹಿಡಿದು ತಿರುಗಿಸಿ, ಮತ್ತೆ ಬಿಚ್ಚಿ ನೋಡಿದೆ. ತಾಗಿದ ಕಡೆ ಸುಣ್ಣ ಅಳಿಸಿಹೋಗಬೇಕು; ಹೋಗಿದ್ದದ್ದು ನಡುವೆ ಬೆರಳಗಲ ಮಾತ್ರ. ಮಿಕ್ಕದ್ದೆಲ್ಲ ಬಳಿದಂತೆಯೇ ಬೆಳ್ಳಗಿತ್ತು. ಶೂ ಹೊಸದು ನಿಜ, ಆದರೆ ಅದು ಒತ್ತಿಕೊಳ್ಳಬೇಕಾದ ಚಕ್ರದೊಳಗಿನ ಬಳೆ, ಡ್ರಮ್ಮು, ಹಳೆಯದು. ಅದರ ಒಳಮೈ ಸವೆದು ಅಗಲವಾಗಿದ್ದರಿಂದ ಶೂ ಪೂರ್ತಿಯಾಗಿ ತಾಗುತ್ತಲೇ ಇರಲಿಲ್ಲ. ಡ್ರಮ್ಮು ಕಬ್ಬಿಣ, ಅದಕ್ಕೇನಾಗುತ್ತದೆ ಎಂಬುದೂ ಎಲ್ಲರೂ ಒಪ್ಪಿಕೊಂಡಿದ್ದ ಮಾತೇ.

ಡ್ರಮ್ಮು ಬದಲಾಯಿತು. ಜಯಮ್ಮನನ್ನು ಹಿಂದೆ ಕೂರಿಸಿಕೊಂಡು ಹೆಮ್ಮಿಗೆಗೆ ಹೋದೆ. ಮಾದಪ್ಪ ಬಾಗಿಲಲ್ಲೇ ನಿಂತಿದ್ದ. ಅವನ ಕಣ್ಣೆದುರಿಗೆ ಬ್ರೇಕು ಒತ್ತಿದೆ. ಗಾಡಿ ನೆಟ್ಟ ಕಲ್ಲಿನಂತೆ ನಿಂತಿತು. ನಿಂತ ಗಾಡಿಯನ್ನು ಆತುಕೊಳ್ಳಲು ನೆಲಕ್ಕೆ ಊರಿದ ನನ್ನ ಕಾಲು ಮಾತ್ರ ನಿಲ್ಲಲಿಲ್ಲ. ಗಾಡಿ, ಜಯಮ್ಮ, ನಾನು ನಿಧಾನವಾಗಿ, ಒಂದು ಬಗೆಯ ಗಾಂಭೀರ್ಯದಿಂದ, ಪಕ್ಕದ ಹುಲ್ಲಿನ ರಾಶಿಗೆ ಒರಗಿದೆವು.

ಹುಲ್ಲಿನೊಳಗಿಂದಲೇ ಜಯಮ್ಮ, “ಬ್ರೇಕು ಹಿಡ್ಕತ್ತು ಕಣ್ಲಾ ಮಾದ,” ಎಂದಳು. ಅಷ್ಟು ನ್ಯಾಯ ಅವಳಲ್ಲಿತ್ತು. ಬಿದ್ದ ಗಾಡಿಯಿಂದ ಕೀ ಕಿತ್ತು ತಮ್ಮನ ಕೈಗೆ ಕೊಟ್ಟವಳೂ ಅವಳೇ.

ಊರಿನವರು ಇಂದಿಗೂ ಹಳೆಯ ಚರಿತ್ರೆಯನ್ನೇ ಹೇಳುತ್ತಾರೆ. ಆದರೆ ಆ ಸವೆದ ಡ್ರಮ್ಮು ನಮ್ಮ ಹಿತ್ತಿಲಲ್ಲಿ ನೀರಿನ ಮಡಕೆಗೆ ಸಿಂಬಿಯಾಗಿ ಕುಳಿತಿದೆ. ಅನುಮಾನವಿದ್ದವರು ಯಾರಾದರೂ ಬಂದು, ಮಡಕೆ ಎತ್ತಿ, ಒಳಗೆ ಬೆರಳಾಡಿಸಿ ಸವೆತವನ್ನು ಪರೀಕ್ಷಿಸಬಹುದು. ಬಸ್ ನಿಲ್ದಾಣದಿಂದ ನಡೆದೇ ಬರಬೇಕು. ಕರೆತರಲು ನನ್ನಲ್ಲಿ ಈಗ ಗಾಡಿಯಿಲ್ಲ.